ರೈಲ್ವೆ ಮೇಲ್ತಂತಿ: ಅದರ ರಚನೆ, ಲೆಕ್ಕಾಚಾರ ಹಾಗೂ ಸಣ್ಣ ಉದ್ದಿಮೆದಾರರು ತಿಳಿದಿರಬೇಕಾದ ಅಂಶಗಳು

ರೈಲು ಹಳಿಗಳ ಮೇಲೆ ಸಾಗಿರುವ ವಿದ್ಯುತ್ ತಂತಿಯು ದೂರದಿಂದ ನೋಡುವವರಿಗೆ ಊರೊಳಗಿನ ಕಂಬದ ತಂತಿಯಂತೆಯೇ ಕಾಣುತ್ತದೆ. ವಾಸ್ತವವಾಗಿ ಅದು ತಾಮ್ರ, ಉಕ್ಕು, ಪಿಂಗಾಣಿ, ಎರಕದ ಬಿಡಿಭಾಗಗಳು ಹಾಗೂ ಸಾವಿರಾರು ಬೋಲ್ಟುಗಳನ್ನು ಕೂಡಿಸಿ ಕಟ್ಟಿದ, ನೂರಾರು ಕಿಲೋಮೀಟರ್ ಉದ್ದದ ಒಂದು ಯಂತ್ರವಾಗಿದೆ. ಈ ಯಂತ್ರದ ಅನೇಕ ಭಾಗಗಳನ್ನು ದೊಡ್ಡ ಕಾರ್ಖಾನೆಗಳಿಗಿಂತ ಸಣ್ಣ ಎರಕದ ಮನೆಗಳು, ಫೋರ್ಜಿಂಗ್ ಘಟಕಗಳು ಹಾಗೂ ಯಂತ್ರಶಾಲೆಗಳೇ ತಯಾರಿಸುತ್ತವೆ. ಆದುದರಿಂದ ಬೆಳಗಾವಿಯ ಎರಕದ ಉದ್ದಿಮೆದಾರರಿಂದ ಹಿಡಿದು ಪೀಣ್ಯದ ಯಂತ್ರಶಾಲೆಯ ಮಾಲೀಕರವರೆಗೆ, ತಾಮ್ರದ ಹಳೆಯ ಸರಕಿನ ವರ್ತಕರಿಂದ ಲಾರಿ ಸಾಗಣೆದಾರರವರೆಗೆ ಎಲ್ಲರಿಗೂ ಈ ವಿಷಯದ ಸಂಬಂಧವಿದೆ.

ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಶೇಕಡ 98ಕ್ಕೂ ಹೆಚ್ಚು ಭಾಗದ ವಿದ್ಯುದೀಕರಣವು ಈಗ ಪೂರ್ಣಗೊಂಡಿದೆ. 2014ರ ವೇಳೆಗೆ ಸುಮಾರು 22,000 ಕಿಲೋಮೀಟರ್ ಮಾರ್ಗಕ್ಕೆ ಮಾತ್ರ ಈ ಸೌಲಭ್ಯವಿತ್ತು. ನಂತರದ ವರ್ಷಗಳಲ್ಲಿ 45,000 ಕಿಲೋಮೀಟರಿಗೂ ಹೆಚ್ಚು ಸೇರ್ಪಡೆಯಾಯಿತು. ಅಂದರೆ ಹೊಸ ಮಾರ್ಗಗಳಿಗೆ ತಂತಿ ಕಟ್ಟುವ ಭರಾಟೆಯ ಕಾಲವು ಮುಗಿಯುತ್ತ ಬಂದಿದ್ದು, ಕಟ್ಟಿದ್ದನ್ನು ಕಾಪಾಡುವ ಕಾಲವು ಆರಂಭವಾಗಿದೆ. ಈ ಬದಲಾವಣೆಯನ್ನು ಅರಿಯದೆ ಹೊಸ ಯಂತ್ರಗಳಿಗಾಗಿ ಸಾಲ ಮಾಡುವವರಿಗೂ, ಅರಿತು ಹೆಜ್ಜೆ ಇಡುವವರಿಗೂ ಫಲದಲ್ಲಿ ಬಹಳ ಅಂತರವಿರುತ್ತದೆ. ಮೊದಲು ತಂತಿಯ ತಾಂತ್ರಿಕ ಸ್ವರೂಪವನ್ನೂ, ಅನಂತರ ವ್ಯವಹಾರದ ಅಂಶಗಳನ್ನೂ ಇಲ್ಲಿ ವಿವರಿಸಲಾಗಿದೆ.

1. 1,500 ವೋಲ್ಟಿನಿಂದ 25,000 ವೋಲ್ಟಿಗೆ

ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್ ಹಾಗೂ ಕುರ್ಲಾ ನಡುವೆ ಓಡಿತು. ಅದಕ್ಕೆ ಬಳಸಿದ್ದು 1,500 ವೋಲ್ಟಿನ ನೇರ ವಿದ್ಯುತ್ತು. ಸ್ವಾತಂತ್ರ್ಯಾನಂತರ ಕಲ್ಕತ್ತೆಯ ಸುತ್ತಮುತ್ತ 3,000 ವೋಲ್ಟಿನ ನೇರ ವಿದ್ಯುತ್ತನ್ನು ಪ್ರಯೋಗಿಸಲಾಯಿತು. 1957ರಲ್ಲಿ, ಫ್ರೆಂಚ್ ರೈಲ್ವೆಯ ಅನುಭವವನ್ನು ಆಧರಿಸಿ, 25,000 ವೋಲ್ಟಿನ ಏಕಹಂತ ಪರ್ಯಾಯ ವಿದ್ಯುತ್ತನ್ನು ಇಡೀ ದೇಶಕ್ಕೆ ಮಾದರಿಯಾಗಿ ಅಂಗೀಕರಿಸಲಾಯಿತು. ಮುಂಬಯಿಯ ಉಪನಗರ ಮಾರ್ಗಗಳು ಸಹ 2016ರ ವೇಳೆಗೆ ಇದೇ ಪದ್ಧತಿಗೆ ಬದಲಾದವು.

ಈ ಆಯ್ಕೆಯ ಹಿಂದೆ ಇರುವುದು ಸರಳವಾದ ಗುಣಾಕಾರ. ವಿದ್ಯುತ್ ಸಾಮರ್ಥ್ಯವೆಂದರೆ ವೋಲ್ಟೇಜು ಹಾಗೂ ಪ್ರವಾಹದ ಗುಣಲಬ್ಧ. ಸರಕು ಸಾಗಣೆಗೆ ಬಳಸುವ, ಸುಮಾರು 6,000 ಅಶ್ವಶಕ್ತಿಯ ಒಂದು ಇಂಜಿನಿಗೆ 4.5 ಮೆಗಾವಾಟ್ ಶಕ್ತಿ ಬೇಕೆಂದು ಇಟ್ಟುಕೊಳ್ಳೋಣ. 1,500 ವೋಲ್ಟಿನಲ್ಲಿ ಅದಕ್ಕೆ 3,000 ಆಂಪಿಯರ್ ಪ್ರವಾಹ ಬೇಕಾಗುತ್ತದೆ. 25,000 ವೋಲ್ಟಿನಲ್ಲಿ 180 ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ವ್ಯರ್ಥವಾಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಒಂದೇ ದಪ್ಪದ ತಂತಿಯಲ್ಲಿ ಈ ನಷ್ಟವು ಸುಮಾರು 278ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದರಿಂದ ಎರಡು ಲಾಭಗಳುಂಟು. ಮೊದಲನೆಯದಾಗಿ, ತೆಳುವಾದ ತಾಮ್ರದ ತಂತಿ ಸಾಕಾಗುತ್ತದೆ. ಎರಡನೆಯದಾಗಿ, ಕೆಲವೇ ಕಿಲೋಮೀಟರಿಗೊಂದು ವಿದ್ಯುತ್ ಉಪಕೇಂದ್ರದ ಬದಲು 50–60 ಕಿಲೋಮೀಟರಿಗೆ ಒಂದು ಉಪಕೇಂದ್ರವು ಸಾಕಾಗುತ್ತದೆ. ಪ್ರತಿಯಾಗಿ ತೆರಬೇಕಾದ ಬೆಲೆಯೆಂದರೆ ಹೆಚ್ಚಿನ ವಿದ್ಯುತ್ ನಿರೋಧನೆ ಮತ್ತು ಹೆಚ್ಚಿನ ಅಂತರ.

ಬೆಂಗಳೂರಿನ ‘ನಮ್ಮ ಮೆಟ್ರೋ’ದಲ್ಲಿ ಮೇಲ್ತಂತಿ ಇಲ್ಲದಿರುವುದನ್ನು ಓದುಗರು ಗಮನಿಸಿರಬಹುದು. ಅಲ್ಲಿ ಹಳಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟಿನ ನೇರ ವಿದ್ಯುತ್ತು ಪೂರೈಕೆಯಾಗುತ್ತದೆ. ಹತ್ತಿರ ಹತ್ತಿರದ ನಿಲ್ದಾಣಗಳು, ಹಗುರವಾದ ಗಾಡಿಗಳು, ಜನರು ದಾಟಲಾಗದ ಪ್ರತ್ಯೇಕ ಮಾರ್ಗ ಇವು ಇರುವೆಡೆ ಆ ಪದ್ಧತಿಯು ಹೊಂದುತ್ತದೆ. ನೂರಾರು ಕಿಲೋಮೀಟರ್ ಭಾರವಾದ ಸರಕನ್ನು ಎಳೆಯುವ ಮಾರ್ಗಕ್ಕೆ ಅದು ಹೊಂದುವುದಿಲ್ಲ.

2. ತಂತಿಯ ರಚನೆ

ಇಂಜಿನಿನ ಮೇಲ್ಭಾಗದಲ್ಲಿ ಮಡಚಿಕೊಳ್ಳುವ ಚೌಕಟ್ಟೊಂದಿರುತ್ತದೆ. ಇದನ್ನು ಪ್ಯಾಂಟೋಗ್ರಾಫ್ ಎನ್ನುತ್ತಾರೆ. ಸುಮಾರು 7 ಕಿಲೋಗ್ರಾಂ ಬಲದಿಂದ ಅದು ಮೇಲಿನ ತಂತಿಯನ್ನು ಒತ್ತುತ್ತ ಸಾಗುತ್ತದೆ. ಈ ಒತ್ತಡವು ಹೆಚ್ಚಾದರೆ ತಂತಿ ಸವೆಯುತ್ತದೆ. ಕಡಿಮೆಯಾದರೆ ಸಂಪರ್ಕವು ಕಡಿದು ಕಿಡಿ ಹಾರುತ್ತದೆ. ಆದುದರಿಂದ ತಂತಿಯು ಹಳಿಗೆ ಸಮಾನಾಂತರವಾಗಿ, ಸಾಧ್ಯವಾದಷ್ಟು ಜೋಲದೆ ನಿಲ್ಲಬೇಕು. ಆದರೆ ಎರಡು ಕಂಬಗಳ ನಡುವೆ ಕಟ್ಟಿದ ಯಾವ ತಂತಿಯೂ ತನ್ನ ಭಾರದಿಂದ ಜೋಲದೆ ಇರಲಾರದು.

ಇದಕ್ಕೆ ಪರಿಹಾರವೆಂದರೆ ಎರಡು ತಂತಿಗಳ ಏರ್ಪಾಡು. ಮೇಲೆ ಒಂದು ಆಧಾರ ತಂತಿಯನ್ನು ಜೋಲಲು ಬಿಟ್ಟು, ಅದರಿಂದ ಬೇರೆ ಬೇರೆ ಉದ್ದದ ಸಣ್ಣ ತೂಗುಕಡ್ಡಿಗಳನ್ನು ಇಳಿಬಿಟ್ಟು, ಅವುಗಳ ತುದಿಗೆ ಸಂಪರ್ಕ ತಂತಿಯನ್ನು ಕಟ್ಟಲಾಗುತ್ತದೆ. ಡ್ರಾಪರ್ ಎಂದು ಕರೆಯುವ ಈ ಕಡ್ಡಿಗಳ ಉದ್ದವನ್ನು ಮೊದಲೇ ಲೆಕ್ಕ ಹಾಕಿ ಕತ್ತರಿಸಿರುತ್ತಾರೆ. ಹೀಗಾಗಿ ಆಧಾರ ತಂತಿಯು ಜೋಲಿದರೂ ಸಂಪರ್ಕ ತಂತಿಯು ಬಹುಮಟ್ಟಿಗೆ ಮಟ್ಟವಾಗಿರುತ್ತದೆ. ಸಾಮಾನ್ಯವಾಗಿ ಸಂಪರ್ಕ ತಂತಿಯು 107 ಚದರ ಮಿಲಿಮೀಟರ್ ಅಡ್ಡಕೊಯ್ತದ ಗಟ್ಟಿ ತಾಮ್ರದ್ದು. ಹಿಡಿಕೆಗಳು ಕಚ್ಚಿಕೊಳ್ಳಲು ಅದರ ಮೇಲ್ಭಾಗದ ಎರಡು ಬದಿಗಳಲ್ಲಿ ಗೆರೆಗಾಲುವೆಗಳಿರುತ್ತವೆ. ಆಧಾರ ತಂತಿಯು 65 ಚದರ ಮಿಲಿಮೀಟರಿನ, ಎಳೆಗಳನ್ನು ಹೊಸೆದ ಕ್ಯಾಡ್ಮಿಯಂ ಮಿಶ್ರಿತ ತಾಮ್ರದ್ದು. ಸಂಪರ್ಕ ತಂತಿಯ ಸಾಮಾನ್ಯ ಎತ್ತರವು ಹಳಿಯಿಂದ ಸುಮಾರು 5.6 ಮೀಟರ್. ಸರಕು ಸಾಗಣೆಗೆಂದೇ ನಿರ್ಮಿಸಿದ ಪಶ್ಚಿಮದ ಪ್ರತ್ಯೇಕ ಕಾರಿಡಾರಿನಲ್ಲಿ ಒಂದರ ಮೇಲೊಂದು ಎರಡು ಕಂಟೇನರುಗಳನ್ನು ಇಟ್ಟು ಒಯ್ಯುವುದರಿಂದ ತಂತಿಯನ್ನು ಏಳೂವರೆ ಮೀಟರಿಗೂ ಮೇಲೆ ಕಟ್ಟಲಾಗಿದೆ.

ತಂತಿಯು ಹಳಿಯ ನಡುಗೆರೆಯ ಮೇಲೆ ನೇರವಾಗಿ ಸಾಗುವುದಿಲ್ಲ. ಒಂದು ಕಂಬದಲ್ಲಿ 20 ಸೆಂಟಿಮೀಟರ್ ಎಡಕ್ಕೂ, ಮುಂದಿನ ಕಂಬದಲ್ಲಿ ಅಷ್ಟೇ ಬಲಕ್ಕೂ ಎಳೆದು ಅಂಕುಡೊಂಕಾಗಿ ಕಟ್ಟುತ್ತಾರೆ. ನೇರವಾಗಿ ಕಟ್ಟಿದರೆ ಪ್ಯಾಂಟೋಗ್ರಾಫಿನ ಕಾರ್ಬನ್ ಪಟ್ಟಿಯ ಒಂದೇ ಜಾಗವು ಸವೆದು, ಗರಗಸದಿಂದ ಕೊಯ್ದಂತೆ ಕಾಲುವೆ ಬೀಳುತ್ತದೆ. ಅಂಕುಡೊಂಕಿನಿಂದ ಸವೆತವು ಪಟ್ಟಿಯ ಅಗಲಕ್ಕೂ ಹಂಚಿಹೋಗುತ್ತದೆ. ನಷ್ಟವನ್ನು ಹಲವು ಖಾತೆಗಳಿಗೆ ಹಂಚುವ ಈ ಕ್ರಮವು ವರ್ತಕರಿಗೆ ಅಪರಿಚಿತವೇನಲ್ಲ.

3. ಬಿಸಿಲು, ಚಳಿ ಹಾಗೂ ಎಳೆತ

ತಾಮ್ರವು ಬಿಸಿಯಾದರೆ ಹಿಗ್ಗುತ್ತದೆ. ಸಾಮಾನ್ಯವಾಗಿ ತಂತಿಯನ್ನು ಹೆಚ್ಚೆಂದರೆ 1,500 ಮೀಟರ್ ಉದ್ದದ ತುಂಡುಗಳಾಗಿ ಕಟ್ಟಿ, ನಡುವಿನಲ್ಲಿ ಅಲುಗದಂತೆ ಬಿಗಿದು, ಎರಡು ತುದಿಗಳನ್ನೂ ಚಲಿಸಲು ಬಿಡುತ್ತಾರೆ. ಹೀಗೆ ಪ್ರತಿ ಬದಿಯಲ್ಲಿ 750 ಮೀಟರ್ ಉಳಿಯುತ್ತದೆ. ಉಷ್ಣತೆಯು 50 ಡಿಗ್ರಿ ಏರಿದರೆ ಈ 750 ಮೀಟರ್ ತಂತಿಯು ಸುಮಾರು 64 ಸೆಂಟಿಮೀಟರ್ ಉದ್ದವಾಗುತ್ತದೆ. ಏನೂ ಏರ್ಪಾಡು ಮಾಡದಿದ್ದರೆ ಬೇಸಗೆಯಲ್ಲಿ ತಂತಿಯು ಸಡಿಲಗೊಂಡು ಪ್ಯಾಂಟೋಗ್ರಾಫಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಚಳಿಗಾಲದಲ್ಲಿ ಬಿಗಿಯಾಗಿ ಕಡಿಯುವ ಭೀತಿಯಿದೆ.

ಆದುದರಿಂದ ತುದಿಯ ಕಂಬಗಳಲ್ಲಿ ರಾಟೆಗಳನ್ನು ಕೂರಿಸಿ, ಎರಕದ ತೂಕದ ಕಲ್ಲುಗಳನ್ನು ತೂಗುಹಾಕುತ್ತಾರೆ. ಸಂಪರ್ಕ ಮತ್ತು ಆಧಾರ ತಂತಿಗಳೆರಡೂ ತಲಾ 1,000 ಕಿಲೋಗ್ರಾಂ ಬಲದಿಂದ ಎಳೆಯಲ್ಪಡಬೇಕು; ಒಟ್ಟು 2,000. ಮೂರಕ್ಕೆ ಒಂದರ ರಾಟೆ ವ್ಯವಸ್ಥೆಯಲ್ಲಿ ಸುಮಾರು 667 ಕಿಲೋಗ್ರಾಂ ತೂಕವು ಈ ಎಳೆತವನ್ನು ಕೊಡುತ್ತದೆ. ತಂತಿಯು 64 ಸೆಂಟಿಮೀಟರ್ ಹಿಗ್ಗಿದಾಗ ತೂಕವು ಮೂರರಷ್ಟು, ಎಂದರೆ ಸುಮಾರು 1.9 ಮೀಟರ್ ಕೆಳಗಿಳಿಯುತ್ತದೆ. ಎಳೆತ ಮಾತ್ರ ಬದಲಾಗುವುದಿಲ್ಲ. ನಿಲ್ದಾಣಗಳ ಸಮೀಪದಲ್ಲಿ ಕಂಬಕ್ಕೆ ಒರಗಿಸಿದಂತೆ ಪೇರಿಸಿರುವ ದುಂಡು ತೂಕಗಳು ಇವೇ. ರಾಟೆಯ ಬೇರಿಂಗು ತುಕ್ಕು ಹಿಡಿದು ಸಿಕ್ಕಿಕೊಂಡರೆ ಈ ಇಡೀ ಲೆಕ್ಕವೂ ವ್ಯರ್ಥವಾಗುತ್ತದೆ.

ಎಳೆತಕ್ಕೂ ವೇಗಕ್ಕೂ ನೇರ ಸಂಬಂಧವಿದೆ. ಪ್ಯಾಂಟೋಗ್ರಾಫು ತಂತಿಯನ್ನು ಎತ್ತಿದಾಗ ಹುಟ್ಟುವ ಅಲೆಯು ತಂತಿಯಲ್ಲಿ ಮುಂದಕ್ಕೆ ಓಡುತ್ತದೆ. 1,000 ಕಿಲೋಗ್ರಾಂ ಎಳೆತದ ಸಂಪರ್ಕ ತಂತಿಯಲ್ಲಿ ಲೆಕ್ಕದ ಪ್ರಕಾರ ಈ ಅಲೆಯ ವೇಗವು ಗಂಟೆಗೆ ಸುಮಾರು 365 ಕಿಲೋಮೀಟರ್. ರೈಲಿನ ವೇಗವು ಇದರ ಶೇಕಡ 70ನ್ನು ಮೀರಬಾರದೆಂಬುದು ಅಂಗೀಕೃತ ಸೂತ್ರ. ವೇಗವನ್ನು ಹೆಚ್ಚಿಸಬೇಕಾದರೆ ಎಳೆತವನ್ನೂ, ಅದನ್ನು ತಾಳಬಲ್ಲ ದಪ್ಪ ತಂತಿಯನ್ನೂ, ಕಂಬ ಹಾಗೂ ಹಿಡಿಕೆಗಳನ್ನೂ ಬದಲಿಸಬೇಕಾಗುತ್ತದೆ. ವೇಗವರ್ಧನೆಯ ಯೋಜನೆಗಳು ಬಿಡಿಭಾಗಗಳ ತಯಾರಕರಿಗೆ ಹೊಸ ಬೇಡಿಕೆಯನ್ನು ತರುವುದು ಈ ಕಾರಣದಿಂದ.

4. ನಿರೋಧಕಗಳು ಮತ್ತು ವಿದ್ಯುತ್ ಹಂಚಿಕೆ

ಕಂಬದಿಂದ ಹೊರಚಾಚಿದ ತೋಳು ತಂತಿಗಳನ್ನು ಹೊರುತ್ತದೆ. ಈ ತೋಳೇ 25,000 ವೋಲ್ಟಿನಲ್ಲಿರುವುದರಿಂದ, ಅದು ಕಂಬಕ್ಕೆ ಸೇರುವ ಎರಡು ಕಡೆಗಳಲ್ಲೂ ನಿರೋಧಕಗಳಿರುತ್ತವೆ. ಪಿಂಗಾಣಿಯ ಅಥವಾ ಸಿಲಿಕೋನ್ ರಬ್ಬರಿನ ಈ ನಿರೋಧಕಗಳಿಗೆ ಕೊಡೆಯಾಕಾರದ ಅಂಚುಗಳಿರುವುದು ಅಲಂಕಾರಕ್ಕಲ್ಲ. ಧೂಳು ಹಾಗೂ ತೇವ ಸೇರಿದ ಮೇಲ್ಮೈಯಲ್ಲಿ ವಿದ್ಯುತ್ತು ಹರಿದುಹೋಗಬಹುದಾದ ದಾರಿಯನ್ನು ಉದ್ದಮಾಡುವುದೇ ಅವುಗಳ ಉದ್ದೇಶ. ಸಮುದ್ರದ ಉಪ್ಪುಗಾಳಿ ಅಥವಾ ಸಿಮೆಂಟಿನ ಧೂಳು ಇರುವ ಪ್ರದೇಶಗಳಲ್ಲಿ ಈ ದಾರಿಯು ಇನ್ನೂ ಉದ್ದವಿರಬೇಕು, ಉಕ್ಕಿನ ಭಾಗಗಳ ಸತುವಿನ ಲೇಪವೂ ದಪ್ಪವಾಗಿರಬೇಕು. ವಿದ್ಯುತ್ ಪಿಂಗಾಣಿಯ ವಿಷಯದಲ್ಲಿ ಬೆಂಗಳೂರಿಗೆ ಹಳೆಯ ಪರಂಪರೆಯಿದೆ. ಮೈಸೂರು ಸಂಸ್ಥಾನದ ಕಾಲದ ಪಿಂಗಾಣಿ ಕಾರ್ಖಾನೆಯು ಮುಂದೆ ಬಿ.ಎಚ್.ಇ.ಎಲ್. ಸಂಸ್ಥೆಯ ವಿಭಾಗವಾಗಿ ಇಂತಹ ನಿರೋಧಕಗಳನ್ನು ತಯಾರಿಸಿತು.

ಉಪಕೇಂದ್ರಗಳು ರಾಜ್ಯದ ವಿದ್ಯುತ್ ಜಾಲದಿಂದ 110, 132 ಅಥವಾ 220 ಕಿಲೋವೋಲ್ಟಿನಲ್ಲಿ ವಿದ್ಯುತ್ತನ್ನು ಪಡೆಯುತ್ತವೆ. ಜಾಲವು ಮೂರು ಹಂತಗಳದ್ದು, ರೈಲಿಗೆ ಬೇಕಾದದ್ದು ಒಂದೇ ಹಂತ. ಎಲ್ಲ ಉಪಕೇಂದ್ರಗಳೂ ಒಂದೇ ಜೋಡಿ ತಂತಿಯಿಂದ ಎಳೆದರೆ ಜಾಲದ ಸಮತೋಲ ಕೆಡುವುದರಿಂದ ಒಂದಾದ ಮೇಲೊಂದು ಉಪಕೇಂದ್ರವು ಬೇರೆ ಬೇರೆ ಹಂತಗಳಿಗೆ ಜೋಡಣೆಯಾಗಿರುತ್ತದೆ. ಎರಡು ಹಂತಗಳು ಎದುರಾಗುವ ಸ್ಥಳದಲ್ಲಿ ವಿದ್ಯುತ್ತಿಲ್ಲದ ಒಂದು ಸಣ್ಣ ತುಂಡು ತಂತಿಯನ್ನು ಬಿಡಲಾಗುತ್ತದೆ. ಅದಕ್ಕೆ 500 ಮೀಟರ್ ಹಾಗೂ 250 ಮೀಟರ್ ಮುಂಚಿತವಾಗಿ ಚಾಲಕನಿಗೆ ಸೂಚನಾ ಫಲಕಗಳಿರುತ್ತವೆ. ಇಂಜಿನಿಗೆ ಬಂದ ವಿದ್ಯುತ್ತು ಹಳಿ ಹಾಗೂ ನೆಲದ ಮೂಲಕ ಉಪಕೇಂದ್ರಕ್ಕೆ ಹಿಂದಿರುಗುತ್ತದೆ. ಆದುದರಿಂದ ಪ್ರತಿ ಕಂಬವನ್ನೂ ಉಕ್ಕಿನ ಪಟ್ಟಿಯಿಂದ ಹಳಿಗೆ ಜೋಡಿಸಿರುತ್ತಾರೆ.

5. ಒಂದು ಕಿಲೋಮೀಟರಿನ ಸಾಮಗ್ರಿ

ಒಂಟಿ ಹಳಿಯ ಒಂದು ಕಿಲೋಮೀಟರಿಗೆ ಏನೆಲ್ಲ ಬೇಕೆಂಬುದನ್ನು ಸರಳ ಗಣಿತದಿಂದ ಅಂದಾಜು ಮಾಡಬಹುದು.

(ಅ) ತಾಮ್ರ: 107 ಚದರ ಮಿಲಿಮೀಟರಿನ ಸಂಪರ್ಕ ತಂತಿಯು ಕಿಲೋಮೀಟರಿಗೆ ಸುಮಾರು 950 ಕಿಲೋಗ್ರಾಂ ತೂಗುತ್ತದೆ. 65 ಚದರ ಮಿಲಿಮೀಟರಿನ ಆಧಾರ ತಂತಿಯು ಸುಮಾರು 580 ಕಿಲೋಗ್ರಾಂ. ಒಟ್ಟಿಗೆ ಒಂದೂವರೆ ಟನ್.

(ಆ) ಕಂಬಗಳು: ಎರಡು ಕಂಬಗಳ ನಡುವಿನ ಅಂತರವು ನೇರ ಮಾರ್ಗದಲ್ಲಿ ಹೆಚ್ಚೆಂದರೆ 72 ಮೀಟರ್, ತಿರುವುಗಳಲ್ಲಿ ಕಡಿಮೆ. ಸರಾಸರಿ 50ರಿಂದ 60 ಮೀಟರ್ ಎಂದು ಹಿಡಿದರೆ 17ರಿಂದ 20 ಕಂಬಗಳು, ಅಷ್ಟೇ ತೋಳುಗಳು.

(ಇ) ನಿರೋಧಕಗಳು: ತೋಳಿಗೆ ಎರಡರಂತೆ 34ರಿಂದ 40.

(ಈ) ತೂಗುಕಡ್ಡಿಗಳು: ಸುಮಾರು 9 ಮೀಟರಿಗೆ ಒಂದರಂತೆ 110, ಅವುಗಳ ಎರಡೂ ತುದಿಗಳ ಹಿಡಿಕೆಗಳು 220.

ಇವುಗಳಲ್ಲದೆ ಕೊಳವೆಗಳು, ಕೀಲುಗಳು, ಅಲ್ಯೂಮಿನಿಯಂ ಕಂಚಿನ ಹಾಗೂ ಮೆತು ಎರಕದ ಕಬ್ಬಿಣದ ಹಿಡಿಕೆಗಳು, ರಾಟೆಗಳು, ತೂಕಗಳು, ಬೋಲ್ಟುಗಳು ಬೇಕಾಗುತ್ತವೆ. ತಾಮ್ರದ ತಂತಿ, ಟ್ರಾನ್ಸ್‌ಫಾರ್ಮರ್‌ಗಳು ದೊಡ್ಡ ಸಂಸ್ಥೆಗಳ ಪಾಲಾದರೆ, ಉಳಿದವುಗಳಲ್ಲಿ ಬಹಳಷ್ಟು ಸಣ್ಣ ಘಟಕಗಳ ಕೈಗೆಟುಕುವಂಥವು.

ವೆಚ್ಚದ ಕಲ್ಪನೆಗೆ ಕೊಂಕಣ ರೈಲ್ವೆಯ ಉದಾಹರಣೆಯನ್ನು ನೋಡಬಹುದು. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಮೂಲಕವೂ ಸಾಗುವ ಈ 741 ಕಿಲೋಮೀಟರ್ ಮಾರ್ಗದ ವಿದ್ಯುದೀಕರಣವು 1,287 ಕೋಟಿ ರೂಪಾಯಿ ವೆಚ್ಚದಲ್ಲಿ ಮುಗಿದು, 2022ರ ಜೂನ್ 20ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಭಾಗಿಸಿದರೆ ಕಿಲೋಮೀಟರಿಗೆ ಸುಮಾರು 1.74 ಕೋಟಿ ರೂಪಾಯಿ. ಸುರಂಗಗಳು, ಉಪ್ಪುಗಾಳಿ, ಬಿರುಸಾದ ಮಳೆ ಇವೆಲ್ಲ ಇರುವ ಮಾರ್ಗದ ಲೆಕ್ಕವಿದು. ಬಯಲು ಸೀಮೆಗೆ ಇದನ್ನೇ ಅನ್ವಯಿಸಲಾಗದು.

6. ಬದಲಿ ಭಾಗಗಳ ಬೇಡಿಕೆ

ಹೊಸ ಸಂಪರ್ಕ ತಂತಿಯ ದಪ್ಪವು ಸುಮಾರು 12.24 ಮಿಲಿಮೀಟರ್. ಸವೆದು ಮುಖ್ಯ ಮಾರ್ಗದಲ್ಲಿ 8.25 ಮಿಲಿಮೀಟರಿಗೆ ಇಳಿದಾಗ ಅದನ್ನು ಬದಲಿಸಬೇಕೆಂಬ ನಿಯಮವಿದೆ. ಇದು ಲೆಕ್ಕಪತ್ರದ ಸವಕಳಿಯಂತೆ ಪ್ರತಿ ವರ್ಷ ಸಮನಾಗಿ ನಡೆಯುವುದಿಲ್ಲ. ರೈಲುಗಳು ವೇಗ ಪಡೆಯುವ ನಿಲ್ದಾಣದ ತುದಿಗಳು, ಏರುಮಾರ್ಗಗಳು ಹಾಗೂ ತಂತಿಗಳು ಕೂಡುವ ಸ್ಥಳಗಳಲ್ಲಿ ಬೇಗ ಸವೆಯುತ್ತದೆ. ಉಳಿದೆಡೆ ದಶಕಗಳ ಕಾಲ ಬಾಳುತ್ತದೆ. ನಿರೋಧಕಗಳು ಹಕ್ಕಿ, ಸಿಡಿಲು, ಮಾಲಿನ್ಯಗಳಿಂದ ಕೆಡುತ್ತವೆ. ಹೀಗಾಗಿ ನಿರ್ವಹಣೆಯ ಬೇಡಿಕೆಯು ದೊಡ್ಡ ಗಂಟಾಗಿ ಬರದೆ, ಸಣ್ಣ ಪ್ರಮಾಣದಲ್ಲಿ, ಹಲವು ಬಗೆಗಳಲ್ಲಿ, ಬಹುಕಾಲ ಬರುತ್ತದೆ. ಒಂದೇ ವಸ್ತುವನ್ನು ಲಕ್ಷಗಟ್ಟಲೆ ತಯಾರಿಸುವ ಘಟಕಕ್ಕಿಂತ, ಹತ್ತು ಬಗೆಯ ಅಚ್ಚುಗಳನ್ನು ಸಿದ್ಧವಾಗಿಟ್ಟುಕೊಂಡು ಸಣ್ಣ ಬೇಡಿಕೆಗಳನ್ನು ಸಕಾಲಕ್ಕೆ ಪೂರೈಸುವ ಘಟಕಕ್ಕೆ ಇಂತಹ ಮಾರುಕಟ್ಟೆ ಅನುಕೂಲಕರ. ವೇಗವರ್ಧನೆ, ಮಾರ್ಗಗಳ ಜೋಡಿಕರಣ ಹಾಗೂ ಅಧಿಕ ಸರಕಿನ ಮಾರ್ಗಗಳಲ್ಲಿ ಹೆಚ್ಚು ಸಾಮರ್ಥ್ಯದ ಪೂರೈಕೆ ವ್ಯವಸ್ಥೆಯ ಅಳವಡಿಕೆ ಇವು ಇದರ ಜೊತೆಗೆ ಸೇರುವ ಕಾಮಗಾರಿಗಳು.

7. ಅನುಮೋದನೆಯ ಹಾದಿ

ಒಂದು ಹಿಡಿಕೆ ಕಳಚಿದರೆ ತಂತಿ ಇಳಿಬಿದ್ದು ಪ್ಯಾಂಟೋಗ್ರಾಫಿಗೆ ಸಿಕ್ಕಿ, ನೂರಾರು ಮೀಟರ್ ತಂತಿ ಹರಿದು, ಮಾರ್ಗವೇ ಗಂಟೆಗಟ್ಟಲೆ ನಿಲ್ಲುತ್ತದೆ. ಕೆಲವು ನೂರು ರೂಪಾಯಿಯ ವಸ್ತುವಿಗೂ ಕಟ್ಟುನಿಟ್ಟಾದ ಪರೀಕ್ಷೆ ಇರುವುದು ಇದಕ್ಕಾಗಿಯೇ. ಲಖನೌ ನಗರದಲ್ಲಿರುವ ಸಂಶೋಧನೆ, ವಿನ್ಯಾಸ ಹಾಗೂ ಮಾನಕ ಸಂಸ್ಥೆಯು, ಎಂದರೆ ಆರ್.ಡಿ.ಎಸ್.ಒ., ನಕ್ಷೆ ಮತ್ತು ನಿರ್ದಿಷ್ಟತೆಗಳನ್ನು ನಿಗದಿಪಡಿಸಿ ತಯಾರಕರನ್ನು ಅನುಮೋದಿಸುತ್ತದೆ. ಮೊದಲು ಅಭಿವೃದ್ಧಿ ಹಂತದ ಪೂರೈಕೆದಾರರ ಪಟ್ಟಿಗೆ ಸೇರಿ, ಸೀಮಿತ ಪ್ರಮಾಣದಲ್ಲಿ ಪೂರೈಸಿ, ಬಳಕೆಯಲ್ಲಿ ವಸ್ತುವಿನ ಗುಣ ಸಿದ್ಧವಾದ ಬಳಿಕ ಪೂರ್ಣ ಅನುಮೋದನೆ ದೊರೆಯುತ್ತದೆ.

ಉದ್ದಿಮೆದಾರರು ಲೆಕ್ಕ ಹಾಕಬೇಕಾದದ್ದು ಈ ಅವಧಿಯನ್ನು. ಅಚ್ಚು, ಪರೀಕ್ಷಾ ಉಪಕರಣ, ಮಾದರಿ ಪರೀಕ್ಷೆಯ ಶುಲ್ಕ, ಗುಣಮಟ್ಟದ ದಾಖಲೆ ಇವೆಲ್ಲಕ್ಕೂ ಆದಾಯ ಬರುವ ಮೊದಲೇ ಖರ್ಚಾಗುತ್ತದೆ. ಈ ಖರ್ಚನ್ನು ಅಲ್ಪಾವಧಿಯ ದುಡಿಮೆ ಬಂಡವಾಳದ ಸಾಲದಿಂದ ಭರಿಸುವುದು ಅಪಾಯಕರ. ಇದಕ್ಕೆ ದೀರ್ಘಾವಧಿಯ ಹಣವೇ ಬೇಕು. ಅನುಮೋದನೆಯಿಲ್ಲದೆ, ಮುಖ್ಯ ಗುತ್ತಿಗೆದಾರನ ಬಾಯಿಮಾತನ್ನು ನಂಬಿ ನಿಯಂತ್ರಿತ ವಸ್ತುಗಳನ್ನು ತಯಾರಿಸಿಟ್ಟರೆ, ಪರಿಶೀಲನೆಯಲ್ಲಿ ಅವು ತಿರಸ್ಕೃತವಾಗಿ ಗುಜರಿಯ ಬೆಲೆಗೆ ಇಳಿಯುತ್ತವೆ.

8. ಹಣಕಾಸಿನ ಅಂಶಗಳು

ಇಲ್ಲಿ ಖರೀದಿದಾರರು ಎರಡು ಬಗೆ. ನಿರ್ವಹಣೆಗಾಗಿ ರೈಲ್ವೆಯೇ ನೇರವಾಗಿ ವಿದ್ಯುನ್ಮಾನ ಟೆಂಡರ್ ಮೂಲಕ ಕೊಳ್ಳುತ್ತದೆ. ಕಾಮಗಾರಿಗಳಲ್ಲಿ ಮುಖ್ಯ ಗುತ್ತಿಗೆದಾರನು ಕೊಳ್ಳುತ್ತಾನೆ. ಇವೆರಡರ ನಡುವಿನ ವ್ಯತ್ಯಾಸವನ್ನು ಸದಸ್ಯರು ಸ್ಪಷ್ಟವಾಗಿ ತಿಳಿದಿರಬೇಕು.

ಅತಿಸಣ್ಣ ಹಾಗೂ ಸಣ್ಣ ಉದ್ದಿಮೆಗಳಿಗೆ ಸಂಬಂಧಿಸಿದ 2012ರ ಸಾರ್ವಜನಿಕ ಖರೀದಿ ನೀತಿಯ ಪ್ರಕಾರ, ಕೇಂದ್ರ ಇಲಾಖೆಗಳು ವಾರ್ಷಿಕ ಖರೀದಿಯ ಶೇಕಡ 25ನ್ನು ಇಂತಹ ಉದ್ದಿಮೆಗಳಿಂದ ಪಡೆಯಬೇಕು. ಕನಿಷ್ಠ ದರಕ್ಕಿಂತ ಶೇಕಡ 15ರೊಳಗೆ ದರ ನಮೂದಿಸಿದ ಸಣ್ಣ ಉದ್ದಿಮೆಗೆ, ಆ ಕನಿಷ್ಠ ದರಕ್ಕೆ ಒಪ್ಪಿದಲ್ಲಿ, ಒಂದು ಪಾಲನ್ನು ಕೊಡಲಾಗುತ್ತದೆ. ಬಯಾನಾ ಠೇವಣಿಯಿಂದಲೂ ವಿನಾಯಿತಿಯಿದೆ. ಆದರೆ ಈ ನೀತಿಯು ಸರಕು ಹಾಗೂ ಸೇವೆಗಳ ಖರೀದಿಗೆ ಸಂಬಂಧಿಸಿದ್ದು, ಕಾಮಗಾರಿ ಗುತ್ತಿಗೆಗಳಿಗೆ ಅನ್ವಯಿಸುವುದಿಲ್ಲ. ಗುತ್ತಿಗೆದಾರನಿಗೆ ಮಾರುವ ಎರಕದ ಘಟಕಕ್ಕೆ ಇದರ ಆಶ್ರಯ ದೊರೆಯದು.

ಎರಡನೆಯದು ಲೋಹದ ಬೆಲೆ. ದೊಡ್ಡ ಗುತ್ತಿಗೆಗಳಲ್ಲಿ ತಾಮ್ರ, ಉಕ್ಕಿನ ಬೆಲೆ ಏರಿದರೆ ಪರಿಹಾರ ಕೊಡುವ ಬೆಲೆ ವ್ಯತ್ಯಾಸದ ಷರತ್ತು ಇರುವುದುಂಟು. ಅದೇ ಗುತ್ತಿಗೆದಾರನು ಸಣ್ಣ ತಯಾರಕನಿಗೆ ಸ್ಥಿರ ದರದ ಆದೇಶ ಕೊಡಬಹುದು. ಲೆಕ್ಕದ ಅನುಕೂಲಕ್ಕಾಗಿ 40 ಲಕ್ಷ ರೂಪಾಯಿಯ ಆದೇಶವೊಂದನ್ನು ಊಹಿಸೋಣ. ಲೋಹದ ಪಾಲು ಶೇಕಡ 60 ಎಂದರೆ 24 ಲಕ್ಷ. ಲಾಭ ಶೇಕಡ 8 ಎಂದರೆ 3.20 ಲಕ್ಷ. ಆದೇಶಕ್ಕೂ ಖರೀದಿಗೂ ನಡುವೆ ಲೋಹದ ಬೆಲೆ ಶೇಕಡ 15 ಏರಿದರೆ ಹೆಚ್ಚುವರಿ ಖರ್ಚು 3.60 ಲಕ್ಷ. ಲಾಭವೆಲ್ಲ ಕರಗಿ, ಕೈಯಿಂದ 40,000 ರೂಪಾಯಿ ಹೋಗುತ್ತದೆ. ಇನ್ನು ಶೇಕಡ 10ರ ಭದ್ರತಾ ಹಣವನ್ನು ತಡೆಹಿಡಿದರೆ ಅದೇ 4 ಲಕ್ಷ. ಅಂದರೆ ಬೆಲೆ ಏರದಿದ್ದರೂ ಇಡೀ ಲಾಭಕ್ಕಿಂತ ಹೆಚ್ಚಿನ ಮೊತ್ತವು ಬೇರೆಯವರ ಬಳಿ ಉಳಿಯುತ್ತದೆ. ಶೇಕಡ 12ರ ಬಡ್ಡಿಯಲ್ಲಿ ಒಂದು ವರ್ಷಕ್ಕೆ 48,000 ರೂಪಾಯಿ, ಎಂದರೆ ಲಾಭದ ಶೇಕಡ 15, ಇದರಲ್ಲೇ ಹೋಗುತ್ತದೆ. ಆದುದರಿಂದ ಗುತ್ತಿಗೆದಾರನಿಗೆ ಸಿಗುವ ಬೆಲೆ ವ್ಯತ್ಯಾಸದ ಷರತ್ತನ್ನು ತಮ್ಮ ಆದೇಶದಲ್ಲೂ ಬರೆಸಿಕೊಳ್ಳುವುದು, ಸಾಧ್ಯವಾಗದಿದ್ದರೆ ಆದೇಶ ಬಂದ ದಿನವೇ ಲೋಹವನ್ನು ಕೊಳ್ಳುವುದು, ನಗದು ತಡೆಯ ಬದಲಿಗೆ ಬ್ಯಾಂಕ್ ಖಾತರಿಯನ್ನು ಕೊಡುವುದು ಇವು ವಿವೇಕದ ಮಾರ್ಗಗಳು.

ಮೂರನೆಯದು ವಸೂಲಿ. ಪಾವತಿ ಬರಲಿ ಬಾರದಿರಲಿ, ಸರಕಿನ ಬಿಲ್ಲಿನ ಮೇಲಿನ ಜಿ.ಎಸ್.ಟಿ.ಯನ್ನು ಸಕಾಲಕ್ಕೆ ಕಟ್ಟಲೇಬೇಕು. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ, ಒಪ್ಪಂದವಿದ್ದರೂ ಅತಿಸಣ್ಣ ಹಾಗೂ ಸಣ್ಣ ಪೂರೈಕೆದಾರರಿಗೆ 45 ದಿನಗಳೊಳಗೆ ಹಣ ಸಲ್ಲಬೇಕು; ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಮಾಸಿಕ ಚಕ್ರಬಡ್ಡಿಯಂತೆ ಕೊಡಬೇಕು. ಖರೀದಿದಾರನು ಈ ಅವಧಿಯೊಳಗೆ ಪಾವತಿಸದಿದ್ದರೆ ಆ ಖರ್ಚು ಅವನಿಗೆ ಆದಾಯ ತೆರಿಗೆಯಲ್ಲಿ ವಾಸ್ತವ ಪಾವತಿಯ ವರ್ಷದಲ್ಲಿ ಮಾತ್ರ ಸಿಗುವಂತೆ 2023ರ ಹಣಕಾಸು ಅಧಿನಿಯಮವು ನಿಯಮ ಸೇರಿಸಿತು. ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲೂ ಮುದ್ರಿಸುವುದು ಈ ರಕ್ಷಣೆಯ ಮೊದಲ ಹೆಜ್ಜೆ. ಆದರೆ ಕೇವಲ ಕೊಂಡು ಮಾರುವ ವರ್ತಕರಿಗೆ ಉದ್ಯಮ್ ನೋಂದಣಿಯು ಬ್ಯಾಂಕುಗಳ ಆದ್ಯತಾ ಸಾಲಕ್ಕೆ ಮಾತ್ರ ಸೀಮಿತವಾದುದರಿಂದ, ತಡ ಪಾವತಿಯ ಈ ರಕ್ಷಣೆಯು ಅವರಿಗೆ ದೊರೆಯುವುದಿಲ್ಲವೆಂಬುದನ್ನು ಮರೆಯಬಾರದು.

9. ಹಳೆಯ ತಾಮ್ರದ ವರ್ತಕರಿಗೆ ಎಚ್ಚರಿಕೆ

ಗೆರೆಗಾಲುವೆಯುಳ್ಳ ಸಂಪರ್ಕ ತಂತಿಯನ್ನು ನೋಡಿದ ಕೂಡಲೆ ಗುರುತಿಸಬಹುದು. ಮನೆ ಅಥವಾ ಕಾರ್ಖಾನೆಗಳ ವಿದ್ಯುತ್ ಕೆಲಸದಲ್ಲಿ ಅದರ ಬಳಕೆಯಿಲ್ಲ. ಇದು ಕದ್ದ ಮಾಲಾಗಿದ್ದರೆ ಕೊಂಡವನೂ ಸಿಕ್ಕಿಬೀಳುತ್ತಾನೆ. ರೈಲ್ವೆ ಆಸ್ತಿ (ಕಾನೂನುಬಾಹಿರ ಸ್ವಾಧೀನ) ಅಧಿನಿಯಮ, 1966ರ ಪ್ರಕಾರ, ಕದ್ದದ್ದೆಂದು ಸಕಾರಣವಾಗಿ ಸಂಶಯಿಸಬಹುದಾದ ರೈಲ್ವೆ ಸ್ವತ್ತು ಯಾರ ಬಳಿ ಸಿಗುವುದೋ, ಅದು ನ್ಯಾಯವಾಗಿ ಬಂತೆಂದು ಅವರೇ ರುಜುವಾತುಪಡಿಸಬೇಕು. ಮೊದಲ ಅಪರಾಧಕ್ಕೇ 5 ವರ್ಷಗಳವರೆಗೆ ಸೆರೆಮನೆ ಶಿಕ್ಷೆ ವಿಧಿಸಬಹುದು. ‘ಬಿಲ್ಲು ಆಮೇಲೆ ಕೊಡುತ್ತೇನೆ’ ಎನ್ನುವವರಿಂದ ಇಂತಹ ತಂತಿಯನ್ನು ಕೊಳ್ಳಲೇಬಾರದು. ರೈಲ್ವೆಯ ಹರಾಜಿನಲ್ಲಿ ಕೊಂಡ ಮಾಲಿಗೂ ಮಾರಾಟದ ಆದೇಶ ಹಾಗೂ ವಿತರಣಾ ಪತ್ರಗಳನ್ನು ವರ್ಷಗಳ ಕಾಲ ಜೋಪಾನ ಮಾಡಬೇಕು. ನೋಂದಾಯಿತರಲ್ಲದವರಿಂದ ಲೋಹದ ಗುಜರಿ ಕೊಂಡರೆ 2024ರ ಅಕ್ಟೋಬರ್ 10ರಿಂದ ಜಿ.ಎಸ್.ಟಿ.ಯನ್ನು ಕೊಂಡ ನೋಂದಾಯಿತ ವರ್ತಕನೇ ಕಟ್ಟಬೇಕೆಂಬುದೂ ನೆನಪಿರಲಿ.

ಇನ್ನೊಂದು ಅಪಾಯವು ಆರೋಗ್ಯದ್ದು. ಆಧಾರ ತಂತಿಯಲ್ಲಿ ಕ್ಯಾಡ್ಮಿಯಂ ಇದೆ. ಅದನ್ನು ಸಾಮಾನ್ಯ ತಾಮ್ರವೆಂದು ಭಾವಿಸಿ ಸಣ್ಣ ಕುಲುಮೆಯಲ್ಲಿ ಕರಗಿಸಿದರೆ ಏಳುವ ಹೊಗೆಯು ಶ್ವಾಸಕೋಶ ಹಾಗೂ ಮೂತ್ರಪಿಂಡಗಳಿಗೆ ಅತ್ಯಂತ ಹಾನಿಕರ. ಹೊಗೆಯನ್ನು ಹೀರಿ ಶೋಧಿಸುವ ಸೂಕ್ತ ವ್ಯವಸ್ಥೆಯಿಲ್ಲದ ಘಟಕಗಳು ಅದನ್ನು ಕರಗಿಸಲೇಬಾರದು.

10. ಹಳಿಯ ಸಮೀಪದ ವ್ಯವಹಾರ

ಮೇಲ್ತಂತಿಯನ್ನು ಮುಟ್ಟಿದರೆ ಮಾತ್ರ ಅಪಾಯವೆಂಬುದು ತಪ್ಪು ತಿಳಿವಳಿಕೆ. 25,000 ವೋಲ್ಟಿನ ಭಾಗದಿಂದ 2 ಮೀಟರ್ ಒಳಗೆ ವ್ಯಕ್ತಿಯಾಗಲಿ, ಸರಳು, ಕೊಳವೆ, ಏಣಿಗಳಾಗಲಿ ಬರಬಾರದು. ಸರಕು ಶೆಡ್ಡಿನಲ್ಲಿ ವ್ಯಾಗನಿನ ಮೇಲೆ ಹತ್ತಿ ತಾಡಪತ್ರೆ ಕಟ್ಟುವ ಮೊದಲು, ಆ ಹಳಿಯ ತಂತಿಗೆ ವಿದ್ಯುತ್ತು ನಿಲುಗಡೆಯಾಗಿ ಭೂಸಂಪರ್ಕ ಕೊಡಲಾಗಿದೆಯೆಂದು ಅಧಿಕೃತ ಸಿಬ್ಬಂದಿಯಿಂದ ಲಿಖಿತವಾಗಿ ತಿಳಿಯಬೇಕು. ವಿದ್ಯುದೀಕೃತ ಮಾರ್ಗದ ಲೆವೆಲ್ ಕ್ರಾಸಿಂಗಿನ ಎರಡೂ ಬದಿಗಳಲ್ಲಿ 4.67 ಮೀಟರಿನ ಎತ್ತರ ಮಿತಿಯ ಅಡ್ಡಕಂಬಗಳಿರುತ್ತವೆ. ಹುಲ್ಲು, ಹತ್ತಿ, ಯಂತ್ರೋಪಕರಣಗಳನ್ನು ಎತ್ತರವಾಗಿ ಹೇರುವ ಲಾರಿಗಳ ಮಾಲೀಕರು ಹೊರಡುವ ಮೊದಲೇ ಅಳತೆ ಮಾಡಿಸುವುದು ಕ್ಷೇಮ. ಹಳಿಗೆ ಸಮಾನಾಂತರವಾಗಿ ಉದ್ದನೆಯ ತಂತಿಬೇಲಿ ಅಥವಾ ಲೋಹದ ಕೊಳವೆಗಳನ್ನು ಹಾಕಿರುವ ಕಾರ್ಖಾನೆಗಳಲ್ಲಿ, ಮೇಲ್ತಂತಿಯ ಪ್ರವಾಹದಿಂದ ಅವುಗಳಲ್ಲೂ ವೋಲ್ಟೇಜು ಪ್ರೇರಿತವಾಗುವ ಸಂಭವವಿದೆ. ಅವುಗಳಿಗೆ ಸರಿಯಾದ ಭೂಸಂಪರ್ಕ ಕೊಡಿಸಬೇಕು.

ಸಾರಾಂಶ

ಈ ಕ್ಷೇತ್ರಕ್ಕೆ ಹೊಸದಾಗಿ ಪ್ರವೇಶಿಸಬಯಸುವವರು ಮೂರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದುಕೊಳ್ಳುವುದು ಒಳಿತು. ಅನುಮೋದನೆ ದೊರೆಯುವವರೆಗಿನ ಅವಧಿಯನ್ನು ಹೊಸ ಸಾಲವಿಲ್ಲದೆ ದಾಟಲು ಸಾಧ್ಯವೇ? ಅದೇ ಅಚ್ಚು, ಅದೇ ಯಂತ್ರಗಳಿಂದ ವಿದ್ಯುತ್ ಪ್ರಸರಣ ಮಾರ್ಗಗಳ ಹಾಗೂ ಇತರ ಖರೀದಿದಾರರ ಬೇಡಿಕೆಯನ್ನೂ ಪೂರೈಸಬಹುದೇ? ಲೋಹದ ಬೆಲೆ ಶೇಕಡ 15 ಏರಿದರೂ ಆದೇಶವು ನಷ್ಟಕ್ಕೆ ಇಳಿಯದೆ ಉಳಿಯುವುದೇ? ಮೂರಕ್ಕೂ ‘ಹೌದು’ ಎಂಬ ಉತ್ತರ ಬಂದವರಿಗೆ ಇದು ದಶಕಗಳ ಕಾಲ ಬತ್ತದ ಮಾರುಕಟ್ಟೆ. ಒಂದಕ್ಕಾದರೂ ‘ಇಲ್ಲ’ ಎಂದಾದರೆ, ಅಡಮಾನ ಪತ್ರಕ್ಕೆ ಸಹಿ ಹಾಕುವ ಮೊದಲು ಇನ್ನೊಮ್ಮೆ ಲೆಕ್ಕ ಹಾಕುವುದು ಲೇಸು.